ಹುಂಜವನ್ನು ಹುತ್ರಿದುರ್ಗಕ್ಕೆ ಬಿಟ್ಟು ಬಂದದ್ದು

ಹೆಂಡತಿ ತೀರಿಕೊಂಡ ಮೇಲೆ ಅವಳ ಕೋಳಿಗಳು ನನ್ನ ಪಾಲಿಗೆ ಉಳಿದವು. ತುಮಕೂರಿನ ನಮ್ಮ ಮನೆಯ ಹಿತ್ತಲಲ್ಲಿ, ಕಾಂಪೌಂಡ್ ಗೋಡೆಗೆ ತಾಗಿಸಿ, ಹಳೆಯ ಬೀರುವಿಗೆ ಜಾಲರಿ ಹೊಡೆಸಿ ಅವಳೇ ಗೂಡು ಮಾಡಿಸಿದ್ದಳು. ಕೆಲವು ಹ್ಯಾಟೆಗಳು, ಒಂದು ಕೆಂಪು ಹುಂಜ. ಬೆಳಿಗ್ಗೆ ಎದ್ದು ನುಚ್ಚು ಹಾಕುತ್ತಿದ್ದೆ, ನೀರು ಬದಲಿಸುತ್ತಿದ್ದೆ, ಆಫೀಸಿಗೆ ಹೋಗುತ್ತಿದ್ದೆ. ಗೂಡು ತೊಳೆಯಬೇಕೆಂದು ತೋಚುತ್ತಲೇ ಇರಲಿಲ್ಲ. ವಾಸನೆ ಬರುತ್ತಿತ್ತೇನೋ. ಆಗ ನನಗೆ ಸಾರು ಹಳಸಿದ್ದೂ ತಿಂದ ಮೇಲೆಯೇ ಗೊತ್ತಾಗುತ್ತಿತ್ತು.

ಒಂದು ಶನಿವಾರ ಪಾಲಿಕೆಯಿಂದ ಒಬ್ಬರು ಬಂದರು. "ಸಾರ್, ನಿಮ್ ಕೋಳಿ ಮೇಲೆ ಕಂಪ್ಲೇಂಟ್ ಬಂದದೆ" ಎಂದರು. ಹಿತ್ತಲಿಗೆ ಕರೆದುಕೊಂಡು ಹೋದೆ. ಮೂಗಿಗೆ ಕರ್ಚೀಫ್ ಹಿಡಿದುಕೊಂಡರು.

"ಊರೊಳಗೆ ಸಾಕಬಾರ್ದಾ?" ಎಂದು ಕೇಳಿದೆ.

"ಮನೆ ಮಟ್ಟಿಗೆ ಒಂದೆರಡು ಇಟ್ಕೊಂಡ್ರೆ ನಾವೇನೂ ಅನ್ನಲ್ಲ ಸಾರ್. ಅಕ್ಕಪಕ್ಕದೋರಿಗೆ ತೊಂದ್ರೆ ಆಗ್ಬಾರ್ದು ಅಷ್ಟೇ. ಗಲೀಜು ಮೋರಿಗೆ ಬಿಡಂಗಿಲ್ಲ, ಗೂಡು ಗೋಡೆಗೆ ಅಂಟ್ಕೊಂಡಿರಂಗಿಲ್ಲ. ಹುಂಜನ್ನ ಮಾತ್ರ ಎಲ್ಲಾದ್ರೂ ಸಾಗಿಸ್ಬುಡಿ. ಕಂಪ್ಲೇಂಟ್ ಇರೋದೇ ಅದರ ಕೂಗಿನ ಮೇಲೆ."

"ಆಯ್ತು" ಎಂದೆ.

ಜಗಳಕ್ಕೆ ಸಿದ್ಧವಾಗಿ ಬಂದಿದ್ದರೇನೋ, ಅವರು ಕರ್ಚೀಫ್ ಮಡಿಸಿ ಜೇಬಿಗೆ ಹಾಕಿಕೊಂಡರು. "ಮೇಡಂ ಇಲ್ವಾ ಸಾರ್?" ಎಂದರು. ಇಲ್ಲ ಎಂದೆ.

ಮಾರನೆಯ ಬೆಳಿಗ್ಗೆ ಪೈಪು ಹಿಡಿದು ಗೂಡು ತೊಳೆಯುತ್ತಿದ್ದಾಗ ಪಕ್ಕದ ಮನೆಯ ಹೆಂಗಸು ಗೋಡೆಯ ಆಚೆ ಬಂದು ನಿಂತಳು. ನನ್ನ ಹೆಂಡತಿಗೆ ಆಪ್ತಳು. ಇಬ್ಬರೂ ಆ ಗೋಡೆಯ ಮೇಲೆ ಕೈ ಊರಿಕೊಂಡು ಗಂಟೆಗಟ್ಟಲೆ ಮಾತಾಡುತ್ತಿದ್ದರು.

"ಅಣ್ಣಾ, ಕಂಪ್ಲೇಂಟ್ ಕೊಟ್ಟಿದ್ದು ನಾನೇ."

"ಪರ್ವಾಗಿಲ್ಲಮ್ಮ, ವಾಸ್ನೆ ಜಾಸ್ತಿನೇ ಆಗಿತ್ತು."

"ವಾಸ್ನೆಗಲ್ಲ ಕಣಣ್ಣ. ಅದು ಕೂಗಿದ ತಕ್ಷಣ ಅಕ್ಕ ಎದ್ದು ಬಂದು 'ಬಾ ಬಾ ಬಾ' ಅಂತ ಕೋಳಿ ಕರೀತಿದ್ರಲ್ಲ. ಈಗ್ಲೂ ಅದು ಕೂಗುತ್ತೆ. ಇನ್ನೇನು ಅಕ್ಕ ಕರೀತಾರೆ ಅಂತ ಕಾಯ್ತಾ ಮಲಗಿರ್ತೀನಿ. ದಿನಾ ಬೆಳಿಗ್ಗೆ ಹಿಂಗೇ. ನನ್ ಕೈಲಿ ಆಗಲ್ಲ."

ಅವಳು ಅತ್ತಳು. ನಾನೂ ಅಳಬೇಕಿತ್ತು. ಅಳು ಬರಲಿಲ್ಲ. ಪೈಪಿನ ನೀರು ಪಾದದ ಮೇಲೆ ಹರಿಯುತ್ತಿತ್ತು. ನಲ್ಲಿ ನಿಲ್ಲಿಸಬೇಕು ಎಂದುಕೊಂಡೆ. ಇಷ್ಟು ದಿನ ಒಂದು ಸಲವೂ ನಾನು ಆ ಕೋಳಿಗಳನ್ನು ಬಾಯಿಬಿಟ್ಟು ಕರೆದಿಲ್ಲ ಎಂಬುದು ಆಗ ತಿಳಿಯಿತು.

ಅಂದೇ ಹುಂಜವನ್ನು ಬುಟ್ಟಿಯಲ್ಲಿ ಮುಚ್ಚಿ, ಸ್ಕೂಟರಿಗೆ ಕಟ್ಟಿಕೊಂಡು ಹೆಂಡತಿಯ ತವರಿಗೆ ಹೊರಟೆ. ಕುಣಿಗಲ್‌ನಲ್ಲಿ ಟೀ ಕುಡಿಯುವಾಗ ಅದು ಬುಟ್ಟಿಯೊಳಗಿಂದಲೇ ಕೂಗಿತು. ಪಕ್ಕದಲ್ಲಿದ್ದವರು ನಕ್ಕರು. ಹುತ್ರಿದುರ್ಗ ಮುಟ್ಟಿದಾಗ ಬಾಮೈದ ಹಸುಗಳಿಗೆ ಹುಲ್ಲು ಹಾಕುತ್ತಿದ್ದ. ಬುಟ್ಟಿ ಎತ್ತಿ ನೋಡಿ, "ಅಕ್ಕನ ಹುಂಜ ಅಲ್ವಾ ಭಾವ?" ಎಂದ. ತಲೆಯಾಡಿಸಿದೆ. "ಕುಯ್ಯಕ್ಕಿಲ್ಲ ಬುಡಿ, ಇರ್ಲಿ" ಎಂದು ಅಂಗಳಕ್ಕೆ ಬಿಟ್ಟ. ಅದು ಮೈ ಕೊಡವಿಕೊಂಡು ಬಣವೆಯ ಕಡೆ ನಡೆಯಿತು. ಮುದ್ದೆ ಉಂಡು, ಬೆಳಕಿರುವಾಗಲೇ ವಾಪಸು ಹೊರಟೆ.

ಹ್ಯಾಟೆಗಳು ನನ್ನಲ್ಲೇ ಇವೆ. ಗೂಡನ್ನು ಸಂಪಿನ ಹತ್ತಿರಕ್ಕೆ ಎಳೆಸಿದ್ದೇನೆ, ಭಾನುವಾರ ತೊಳೆಯುತ್ತೇನೆ. ಪಾಲಿಕೆಯವರು ಮತ್ತೆ ಬಂದಿಲ್ಲ. ಪಕ್ಕದ ಮನೆಯವಳು ಎದುರಾದರೆ ಹಾಲು ಬಂತಾ, ನಲ್ಲಿ ನೀರು ಬಂತಾ ಎಂದು ಮಾತಾಡುತ್ತೇವೆ.