ಬಲಗಾಲು ಬಾರದು, ಎಡಗಾಲು ಅರಿಯದು

ಬನಹಟ್ಟಿಯಲ್ಲಿ ನಮ್ಮ ಮನೆಗೂ ಕಾಕಾನ ಮನೆಗೂ ನಡುವೆ ಒಂದೇ ಗೋಡೆ. ಅದರಾಚೆ ಕಾಕಾನ ಮಗ ಪಾವರಲೂಮ್ ಮಗ್ಗ ಹಾಕಿದ ಮೇಲೆ ಅದರ ಅದುರಿಗೆ ಗೋಡೆಯ ನಮ್ಮ ಕಡೆಯ ಮಣ್ಣು ಉದುರತೊಡಗಿತು. ಕೇಳಲು ಹೋದೆ. ಮಾತಿಗೆ ಮಾತು ಬೆಳೆಯಿತು. ನಾನು ಹೊರಳಿ ಮನೆಯತ್ತ ಹೊರಟಾಗ ಅವನು ಹಿಂದಿನಿಂದ ಚಾಕು ಹಾಕಿದ. ಬೆನ್ನೆಲುಬಿನ ಪಕ್ಕ, ಬಲಕ್ಕೆ ಬಿತ್ತು.

ಬೆನ್ನುಹುರಿ ಒಂದು ಮಗ್ಗುಲಷ್ಟೇ ಕತ್ತರಿಸಿಹೋಗಿದೆ, ಇಂಥದ್ದು ಅಪರೂಪ ಎಂದರು ಮಿರಜಿನ ಡಾಕ್ಟರು. ಬಲಗಾಲಿನ ಶಕ್ತಿ ಹೋಯಿತು. ಆದರೆ ಮುಳ್ಳು ಚುಚ್ಚಿದರೆ ತಿಳಿಯುತ್ತಿತ್ತು. ಎಡಗಾಲು ಹೇಳಿದಂತೆ ಕೇಳುತ್ತಿತ್ತು. ಅದಕ್ಕೆ ನೋವು, ಬಿಸಿ, ತಂಪು ಯಾವುದೂ ಗೊತ್ತಾಗುತ್ತಿರಲಿಲ್ಲ. ನೋವು ಒಯ್ಯುವ ನರಗಳು ಬೆನ್ನುಹುರಿಯೊಳಗೆ ಮಗ್ಗುಲು ದಾಟುತ್ತವೆ ಎಂದು ಅವರು ತಿಳಿಸಿ ಹೇಳಿದರು. ಓಣಿಗೆ ತಿಳಿಸಿ ಹೇಳುವವರು ಯಾರು?

"ಬಲಕ್ಕ ಚಾಕು ಬಿದ್ರ ಎಡಗಾಲಿಗೇನ ಆಗತೈತಿ?" ಎಂದು ಕಾಕಾನ ಹೆಂಡತಿ, ನಮ್ಮ ಕಾಕು, ನಳದ ಹತ್ತಿರ ಎಲ್ಲರೆದುರು ಅಂದಳು. "ನಮ್ಮ ಹುಡುಗನ್ನ ಜೇಲಿಗೆ ಕಳಸಾಕ ಸೋಗ ಹಾಕ್ಯಾನ."

ಒಂದು ಮುಂಜಾನೆ ಜಳಕಕ್ಕೆ ಕುಳಿತವನು, ತಣ್ಣೀರು ಬೆರೆಸದ ಕುದಿನೀರನ್ನು ಎಡಗಾಲಿಗೆ ಸುರಿದುಕೊಂಡೆ. ಇನ್ನೊಂದು ತಂಬಿಗೆ ಎತ್ತುವಷ್ಟರಲ್ಲಿ ಹೆಂಡತಿ ಕೈ ಹಿಡಿದಳು.

"ಚರ್ಮ ಸುಲದೈತಿ. ನಿಮಗ ತಿಳೀಲಿಲ್ಲೇನ್ರಿ?"

ತಿಳಿದಿರಲಿಲ್ಲ. ಬೇಕಂತಲೇ ಸುಟ್ಟುಕೊಂಡಿದ್ದಾನೆ ಎಂದು ಕಾಕು ಓಣಿಯಲ್ಲೆಲ್ಲ ಹೇಳಿದಳು. ಆ ಮಾತಿಗೆ ಹುಟ್ಟಿದ ಸಿಟ್ಟು ಇನ್ನೂ ಆರಿಲ್ಲ. ಆರಲಿ ಎಂಬ ಆಸೆಯೂ ನನಗಿಲ್ಲ.

ಜಮಖಂಡಿಯ ಕೋರ್ಟಿನಲ್ಲಿ ಕಾಕಾನ ಮಗನ ವಕೀಲ ಕೇಳಿದ: "ಒಂದ ಕಾಲು ಏಳಂಗಿಲ್ಲ, ಇನ್ನೊಂದಕ್ಕ ಸುಟ್ರೂ ತಿಳಿಯಂಗಿಲ್ಲ. ಒಂದೊಂದು ಕಾಲಿಗೆ ಒಂದೊಂದು ರೋಗ ಏನ್ರಿ?" ಜನ ನಕ್ಕರು. ಚಾಕು ಹಾಕಿದವನೂ ನಕ್ಕ.

ಡಾಕ್ಟರು ಸಾಕ್ಷಿಗೆ ಬರುತ್ತಾರೆಂದು ತಿಳಿದ ಮೇಲೆ ಕಾಕಾ ಮನೆಗೆ ಬಂದ.

"ತಮ್ಮಾ, ಜಾರಿ ಗಾಜಿನ ಮ್ಯಾಲೆ ಬಿದ್ದೆ ಅಂತ ಹೇಳಿಬಿಡು. ಮನಿತನದ ಮಾನ ಉಳೀತೈತಿ."

"ನಾ ಬಿದ್ದದ್ದು ಖರೆ, ಕಾಕಾ. ಕೆಡವಿದಾವ ನಿನ್ನ ಮಗ."

ಅವನು ಚಹಾ ಮುಟ್ಟದೆ ಎದ್ದು ಹೋದ. ಡಾಕ್ಟರು ಬಂದು ಎಲ್ಲ ಬಿಡಿಸಿ ಹೇಳಿದರು. ಈ ಸಲ ಯಾರೂ ನಗಲಿಲ್ಲ. ಕಾಕಾನ ಮಗನಿಗೆ ಶಿಕ್ಷೆಯಾಯಿತು. ಕಡಿಮೆಯೇ ಆಯಿತು.

ಜೇಲಿನಿಂದ ಬಂದು ಎಷ್ಟೋ ವರ್ಷಗಳ ಮೇಲೆ, ತನ್ನ ಮಗಳ ಲಗ್ನಕ್ಕೆ ಕರೆಯಲು ಹೊಸ್ತಿಲಲ್ಲಿ ನಿಂತ. ನನ್ನ ಕೈಯ ಬಡಿಗೆ ನೋಡಿ ಕೇಳಿದ:

"ಈಗ ಆರಾಮ ಅದಿಯೇನಣ್ಣಾ?"

"ಇಲ್ಲ. ಹೋಗು."

ಹೋದ. ಲಗ್ನಕ್ಕೆ ಹೋಗಿ ಅಕ್ಷತೆ ಹಾಕಿಯಾದರೂ ಬರೋಣ ಎಂದಳು ಹೆಂಡತಿ. ಆ ವಾರವೆಲ್ಲ ಅವಳೊಡನೆಯೂ ನಾನು ಮಾತಾಡಲಿಲ್ಲ.