ಎರಡನೇ ಸೀಟಿನ ತೂಕ

ನನ್ನ ಭಾವನ ವಿಮಾನಕ್ಕೆ ಬಣ್ಣ ಹೊಡೆಯುವವನು ನಾನೇ ಎಂದು ಹನ್ನೊಂದು ವರ್ಷದ ಹಿಂದೆಯೇ ತೀರ್ಮಾನವಾಗಿತ್ತು. ಆಗ ವಿಮಾನ ಎಂದರೆ ಶೆಡ್ಡಿನ ಗೋಡೆಗೆ ಒರಗಿಸಿಟ್ಟ ನಾಲ್ಕು ಮರದ ಪಟ್ಟಿ, ಒಂದು ನಕ್ಷೆ, ಅಷ್ಟೇ. ನಾನು ಇಪ್ಪತ್ತಾರು ವರ್ಷದಿಂದ ಕಾರುಗಳಿಗೆ ಬಣ್ಣ ಹೊಡೆಯುತ್ತಿದ್ದೇನೆ. ನನ್ನ ಕೈಯಿಂದ ಹೊರಬಿದ್ದ ಕಾರಿನ ಬಾಗಿಲಲ್ಲಿ ಮುಖ ನೋಡಿಕೊಂಡು ಗಡ್ಡ ಬೋಳಿಸಿಕೊಳ್ಳಬಹುದು. ಜಂಬ ಅಂದುಕೊಂಡರೆ ಅಂದುಕೊಳ್ಳಿ, ನನಗೇನು.

ಭಾವನದು ತಕ್ಕಡಿ ರಿಪೇರಿ. ದಿನಸಿ ಅಂಗಡಿಯ ತಕ್ಕಡಿ, ಗೋದಾಮಿನಲ್ಲಿ ಮೂಟೆ ತೂಗುವ ಯಂತ್ರ, ಆಸ್ಪತ್ರೆಯಲ್ಲಿ ಹಸುಗೂಸು ತೂಗುವ ತಟ್ಟೆ, ಎಲ್ಲವೂ ಅವರ ಮೇಜಿಗೇ ಬರುತ್ತಿದ್ದವು. ಬೀದಿಯವರು ಅವರನ್ನು ಕರೆಯುವುದೇ ‘ಗ್ರಾಂ ಸಾಹೇಬರು’ ಎಂದು. ವಿಮಾನದ ಒಂದೊಂದು ತುಂಡಿನ ಮೇಲೂ ಅವರು ಪೆನ್ಸಿಲಿನಲ್ಲಿ ಎರಡು ಅಂಕಿ ಬರೆದಿದ್ದಾರೆ. ಮೇಲಿನದು ತಂದಾಗ ಇದ್ದ ತೂಕ, ಕೆಳಗಿನದು ಹೆರೆದು ಉಜ್ಜಿ ಹಗುರ ಮಾಡಿದ ಮೇಲಿನ ತೂಕ. ಒಮ್ಮೆ ಒಂದು ಬೋಲ್ಟಿನ ತುದಿ ಕೊಯ್ದು, ಉದುರಿದ ಚೂರನ್ನೂ ತೂಗಿ, “ಮೂರು ಗ್ರಾಂ ಉಳೀತು!” ಎಂದು ಕುಣಿದಾಡಿದ್ದರು.

“ಭಾವ, ಉಗುರು ಕತ್ತರಿಸ್ಕೊಳ್ಳಿ, ಇನ್ನೂ ಒಂದು ಗ್ರಾಂ ಉಳಿಯುತ್ತೆ,” ಅಂದೆ.

“ಹಾರೋ ದಿನ ಕತ್ತರಿಸ್ಕೊತೀನಿ,” ಅಂದರು. ತಮಾಷೆಗಲ್ಲ, ನಿಜವಾಗಿ.

ವಿಮಾನಕ್ಕೆ ಎರಡು ಸೀಟು. ಎರಡನೆಯದು ನನ್ನ ಅಕ್ಕನಿಗೆ. ಒಂದೇ ಸೀಟಾಗಿದ್ದರೆ ಐದೇ ವರ್ಷದಲ್ಲಿ ಮುಗಿಯುತ್ತಿತ್ತು. ಭಾವ ಒಪ್ಪಲಿಲ್ಲ. “ನಾನೊಬ್ಬನೇ ಮೇಲೆ ಹೋಗಿ ‘ಅಗೋ ನೋಡು’ ಅಂತ ಯಾರಿಗೆ ಹೇಳ್ಲಿ?” ಎಂದುಬಿಟ್ಟರು.

ಅಕ್ಕ ಒಂದೇ ಷರತ್ತು ಹಾಕಿದ್ದಳು. ದಿನಾ ಸಂಜೆ ನಾಲ್ಕಕ್ಕೆ ಒಂದು ಕೆಂಪು ಫ್ಲಾಸ್ಕಿನಲ್ಲಿ ಶೆಡ್ಡಿಗೆ ಚಹಾ ತರುತ್ತಾಳೆ. ಆ ಫ್ಲಾಸ್ಕನ್ನು ಮರದ ಪಟ್ಟಿಯ ಪಕ್ಕ ಹಿಡಿದು, “ಇದೇ ಬಣ್ಣ ಆಗ್ಬೇಕು. ಆದ್ರೆ ಹತ್ತುತೀನಿ. ಇಲ್ಲಾಂದ್ರೆ ನೀವೇ ಹಾರ್ಕೊಳ್ಳಿ,” ಎಂದಿದ್ದಳು. ಭಾವ ತಲೆಯಾಡಿಸಿದ್ದರು.

ಈ ವರ್ಷ ಕೊನೆಗೂ ರೆಕ್ಕೆಗಳ ಮರದ ಚೌಕಟ್ಟಿಗೆ ಬಟ್ಟೆ ಹೊದಿಸಿದ್ದಾಯಿತು. ಇಸ್ತ್ರಿಪೆಟ್ಟಿಗೆಯಿಂದ ಬಿಸಿ ಕೊಟ್ಟು ಅದನ್ನು ಬಿಗಿ ಮಾಡಿದೆವು. ಬಿಸಿಲಿಗೆ ಬಟ್ಟೆ ಹಾಳಾಗದಿರಲೆಂದು ಮೇಲೆ ಬೆಳ್ಳಿ ಬಣ್ಣ ಹೊಡೆದೆ. ಇನ್ನು ಕೆಂಪು ಬರಬೇಕು. ನಾಲ್ಕು ಕೈ ಕೆಂಪು, ಅದರ ಮೇಲೆ ಹೊಳಪಿಗೆ ಎರಡು ಕೈ. ಡಬ್ಬಗಳನ್ನು ತಂದು ಸಾಲಾಗಿ ಇಟ್ಟೆ.

“ಒಣಗಿದ್ಮೇಲೆ ಎಷ್ಟು ತೂಕ ಬರುತ್ತೆ?” ಎಂದು ಭಾವ ಕೇಳಿದರು.

ಇಪ್ಪತ್ತಾರು ವರ್ಷದಲ್ಲಿ ಒಬ್ಬ ಗಿರಾಕಿಯೂ ಕೇಳದ ಪ್ರಶ್ನೆ! ಒಂದು ತುಂಡು ಬಟ್ಟೆಗೆ ಬಣ್ಣ ಹೊಡೆದು, ಒಣಗಿಸಿ, ಅವರ ಚಿಕ್ಕ ತಕ್ಕಡಿಯಲ್ಲಿಟ್ಟು ಲೆಕ್ಕ ಹಾಕಿದೆವು. ಇಡೀ ವಿಮಾನಕ್ಕೆ ಒಂಬತ್ತು ಕಿಲೊ. ಭಾವ ತೂಕ ಬರೆದಿಟ್ಟ ಪುಸ್ತಕ ತೆರೆದು, ಎಲ್ಲ ಕೂಡಿಸಿ, ವಿಮಾನ ಹೊರಬಲ್ಲ ಮಿತಿಯಿಂದ ಕಳೆದು, “ಆಗುತ್ತೆ. ನಿಮ್ಮಕ್ಕ ಕೂತು, ಕೆಂಪೂ ಬಂದು, ಇನ್ನೂ ಐದು ಕಿಲೊ ಮಿಗುತ್ತೆ,” ಅಂದರು. ನಾನು ಬಗ್ಗಿ ಪುಸ್ತಕ ನೋಡಿದೆ. ಎರಡನೇ ಸೀಟಿನ ಮುಂದೆ ಐವತ್ತೆಂಟು ಕಿಲೊ ಇನ್ನೂರು ಗ್ರಾಂ ಎಂದು ಬರೆದಿತ್ತು.

“ಭಾವ, ಇದು ಯಾವ ಕಾಲದ ಅಕ್ಕ?”

ಭಾವ ಶೆಡ್ಡಿನ ತಗಡು ನೋಡತೊಡಗಿದರು.

ಯಾವ ಕಾಲದ್ದೆಂದು ನನಗೇನು ಗೊತ್ತಿಲ್ಲವೇ? ಮೂವತ್ತನಾಲ್ಕು ವರ್ಷದ ಹಿಂದೆ, ಮದುವೆಯಾದ ಹೊಸತರಲ್ಲಿ, ಅಕ್ಕ ಇವರಿಗೆ ಊಟ ತೆಗೆದುಕೊಂಡು ಅಂಗಡಿಗೆ ಹೋಗಿದ್ದಳು. ಇವರು ಸಲುಗೆಯಿಂದ ಅವಳನ್ನು ಮೂಟೆ ತೂಗುವ ಯಂತ್ರದ ಮೇಲೆ ನಿಲ್ಲಿಸಿ, ನಾಲ್ಕು ಜನ ಗಿರಾಕಿಗಳ ಎದುರು, “ಐವತ್ತೆಂಟು ಕಿಲೊ ಇನ್ನೂರು ಗ್ರಾಂ!” ಎಂದು ಗಟ್ಟಿಯಾಗಿ ಕೂಗಿದರು. ಗಿರಾಕಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕ ಊಟದ ಡಬ್ಬಿ ಅಲ್ಲೇ ಇಟ್ಟು ಮನೆಗೆ ಬಂದವಳು, ಅಂದಿನಿಂದ ಯಾವ ತಕ್ಕಡಿಯನ್ನೂ ಹತ್ತಿಲ್ಲ. ಮನೆ ತುಂಬ ತೂಗುವ ಯಂತ್ರಗಳಿದ್ದರೂ ಹತ್ತಿಲ್ಲ. ಭಾವನೂ ಆಮೇಲೆ ಕೇಳುವ ಧೈರ್ಯ ಮಾಡಿಲ್ಲ. ಬೋಲ್ಟಿನ ಚೂರನ್ನೂ ಬಿಡದೆ ತೂಗಿದ ಮನುಷ್ಯ ಎರಡನೇ ಸೀಟನ್ನು ಮಾತ್ರ ಬರೀ ನೆನಪಿನ ಮೇಲೆ ಕಟ್ಟಿದ್ದರು!

ಲೆಕ್ಕ ಸರಳವಾಗಿತ್ತು. ಅಕ್ಕ ಅರವತ್ತಮೂರು ಕಿಲೊ ದಾಟಿದ್ದರೆ ಕೆಂಪು ಇಲ್ಲ. ಎಪ್ಪತ್ತೆರಡು ದಾಟಿದ್ದರೆ ಅಕ್ಕನೇ ಇಲ್ಲ.

“ಕೇಳಿಬಿಡಿ ಭಾವ.”

“ನೀನೇ ಕೇಳು. ತಮ್ಮ ಅಲ್ವಾ?”

“ಅಯ್ಯೋ, ನನಗೂ ಹೆಂಡ್ತಿ ಮಕ್ಕಳಿದ್ದಾರೆ!”

ನಾವು ಹೀಗೆ ಗುಸುಗುಸು ಮಾಡುತ್ತಿರುವಾಗಲೇ ನಾಲ್ಕು ಗಂಟೆಯಾಯಿತು. ಅಕ್ಕ ಫ್ಲಾಸ್ಕ್ ಹಿಡಿದು ಬಂದಳು. ಮುಚ್ಚಿದ ಡಬ್ಬಗಳನ್ನು ನೋಡಿದಳು. “ಯಾಕೋ, ಇನ್ನೂ ಶುರು ಮಾಡಿಲ್ವಾ?”

“ಕೆಂಪು ಬೇಡ ಅನ್ಸುತ್ತೆ ಕಣೇ,” ಅಂದರು ಭಾವ. “ಬೆಳ್ಳಿ ಬಣ್ಣಾನೇ ಚೆನ್ನಾಗಿದೆ. ಬಿಸಿಲಿಗೂ ಒಳ್ಳೇದು.”

“ಹನ್ನೊಂದು ವರ್ಷ ಬಿಸಿಲು ಇರ್ಲಿಲ್ವಾ?” ಅಕ್ಕನ ದನಿ ಏರಿತು. “ನಾನು ಕೇಳಿದ್ದು ಇದೊಂದೇ ಅಲ್ವೇನ್ರೀ? ಅದೂ ನಿಮಗೆ ಭಾರ ಆಯ್ತಾ?”

ಭಾವ ಡಬ್ಬಗಳನ್ನು ಇನ್ನಷ್ಟು ನೆಟ್ಟಗೆ ಜೋಡಿಸತೊಡಗಿದರು. ನನಗೆ ತಡೆಯಲಾಗಲಿಲ್ಲ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುವುದು ಸುಳ್ಳಲ್ಲ. “ಬಣ್ಣ ಭಾರ ಅಲ್ಲ ಅಕ್ಕ! ನಿನ್ನ ತೂಕ ಎಷ್ಟು ಅಂತ ಈ ಮಹಾನುಭಾವರಿಗೆ ಗೊತ್ತಿಲ್ಲ! ಮದುವೆ ವರ್ಷದ ತೂಕ ಇಟ್ಕೊಂಡು ವಿಮಾನ ಕಟ್ಟಿದ್ದಾರೆ. ಕೇಳೋಕೆ ಹೆದರಿಕೆಯಂತೆ!” ಎಂದು ಒದರಿಬಿಟ್ಟೆ. ಒದರಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಅಕ್ಕ ಗಂಡನ ಮುಖ ನೋಡಿದಳು, ವಿಮಾನ ನೋಡಿದಳು, ಮತ್ತೆ ಗಂಡನ ಮುಖ ನೋಡಿದಳು. ಇನ್ನು ಇವಳು ಮನೆ ಕಡೆ ತಿರುಗುತ್ತಾಳೆ, ಎರಡನೇ ಸೀಟು ಖಾಲಿಯೇ ಉಳಿಯುತ್ತದೆ ಎಂದುಕೊಂಡೆ. ಆದರೆ ಅವಳು ಫ್ಲಾಸ್ಕನ್ನು ಬೆಂಚಿನ ಮೇಲಿಟ್ಟಳು, ಚಪ್ಪಲಿ ಬಿಟ್ಟಳು, ಕೈಗಡಿಯಾರ ಬಿಚ್ಚಿ ನನ್ನ ಕೈಗೆ ಕೊಟ್ಟಳು. ಮೂಲೆಯಲ್ಲಿದ್ದ ಮೂಟೆ ತೂಗುವ ಯಂತ್ರದ ಮೇಲೆ ಹೋಗಿ ನಿಂತಳು. ಭಾವ ಗಾಬರಿಯಾಗಿ ಗೋಡೆ ಕಡೆ ಮುಖ ತಿರುಗಿಸಿದರು.

“ನೀನೇ ನೋಡ್ಕೊ ಕಣೇ. ನಾನು ಓದಲ್ಲ.”

“ಬನ್ರೀ, ಓದಿ,” ಎಂದಳು ಅಕ್ಕ. “ಈ ಸಲ ಮೆಲ್ಲಗೆ ಓದಿ.”

ಭಾವ ಕನ್ನಡಕ ಒರೆಸಿಕೊಂಡು ಹೋದರು. ಬಗ್ಗಿ ನೋಡಿದರು. ಅವಳ ಕಿವಿಯ ಹತ್ತಿರ ಏನೋ ಹೇಳಿದರು. ಅಕ್ಕನ ಕಣ್ಣಲ್ಲಿ ನೀರು ಬಂತು, ಅದರ ಹಿಂದೆಯೇ ನಗುವೂ ಬಂತು.

“ಕೂರಬಹುದಾ?” ಎಂದು ಕೇಳಿದಳು.

“ಕೂರಬಹುದು. ಕೆಂಪು ಆಗಲ್ಲ. ಆರುನೂರು ಗ್ರಾಂ ಮಾತ್ರ ಮಿಗುತ್ತೆ.”

ನನ್ನ ಬೆರಳುಗಳು ತಮ್ಮಷ್ಟಕ್ಕೆ ಲೆಕ್ಕಕ್ಕೆ ಇಳಿದವು. “ಏಯ್, ಬೆರಳು ಮಡಚ್ಬೇಡ!” ಎಂದು ಅಕ್ಕ ಗದರಿದಳು. ನೀವೂ ಮಡಚಬೇಡಿ.

ಭಾವ ತಲೆ ತಗ್ಗಿಸಿದ್ದರು. “ಬೇಕಾದ್ರೆ ನಾನು ಊಟ ಕಡಿಮೆ ಮಾಡ್ತೀನಿ. ಒಂಬತ್ತು ಕಿಲೊ ಇಳಿಸಿದ್ರೆ ಕೆಂಪು...”

“ಸಾಕು ಸುಮ್ನಿರಿ. ಈಗಲೇ ಗಾಳಿ ಬಂದ್ರೆ ಹಾರಿಹೋಗೋ ಹಾಗಿದೀರಿ, ವಿಮಾನವೇ ಬೇಡ. ಬೆಳ್ಳಿ ಬಣ್ಣಾನೇ ಇರ್ಲಿ.”

“ಆರುನೂರು ಗ್ರಾಂನಲ್ಲಿ ಬಾಲಕ್ಕೊಂದು ಕೆಂಪು ಪಟ್ಟಿ ಎಳೀತೀನಿ ಅಕ್ಕ,” ಅಂದೆ ನಾನು.

ಅಕ್ಕ ಫ್ಲಾಸ್ಕ್ ಎತ್ತಿ ಅರ್ಧ ಚಹಾ ಹೊರಗೆ ಬಗ್ಗಿಸಿ, ಉಳಿದ ಚಹಾ ಸಮೇತ ಫ್ಲಾಸ್ಕನ್ನು ಯಂತ್ರದ ಮೇಲಲ್ಲ, ಚಿಕ್ಕ ತಕ್ಕಡಿಯಲ್ಲಿಟ್ಟಳು. ಐನೂರ ಎಂಬತ್ತು ಗ್ರಾಂ. “ಪಟ್ಟಿ ಬೇಡ. ಇದನ್ನೇ ತಗೊಂಡು ಹೋಗ್ತೀನಿ. ಮೇಲೆ ಹೋದ್ಮೇಲೆ ಇವರಿಗೆ ಚಹಾ ಬೇಡ್ವಾ?”

ಕೆಂಪು ಡಬ್ಬಗಳನ್ನು ವಾಪಸ್ ಹೊತ್ತುಕೊಂಡು ಹೋದೆ. ನನ್ನ ಜೀವಮಾನದಲ್ಲಿ ಹೊಳಪು ಕೊಡದೆ ಬಿಟ್ಟ ಮೊದಲ ಕೆಲಸ ಅದು, ಹೊಟ್ಟೆ ಉರಿಯಿತು. ತಪಾಸಣೆಗೆ ಬಂದ ಅಧಿಕಾರಿ ಮೂರು ಚಕ್ರಗಳ ಕೆಳಗೂ ತೂಕದ ಯಂತ್ರ ಇಟ್ಟು, ಕೂಡಿಸಿ ನೋಡಿ, ಭಾವನ ಪುಸ್ತಕದ ಅಂಕಿಗೂ ತಮ್ಮ ಅಂಕಿಗೂ ವ್ಯತ್ಯಾಸವೇ ಇಲ್ಲದ್ದಕ್ಕೆ ಬೆರಗಾಗಿ, ಸಹಿ ಹಾಕಿದರು. ನಿಯಮದ ಪ್ರಕಾರ ಮೊದಲ ಕೆಲವು ತಿಂಗಳ ಹಾರಾಟವೆಲ್ಲ ಭಾವ ಒಬ್ಬರದೇ. ಪ್ರತಿ ಸಲ ಇಳಿದಾಗಲೂ ಪಕ್ಕದ ಖಾಲಿ ಸೀಟಿನ ಬೆಲ್ಟು ಸರಿಪಡಿಸಿಯೇ ಕೆಳಗಿಳಿಯುತ್ತಿದ್ದರು.

ಅಕ್ಕನ ಸರದಿ ಬಂದ ಬೆಳಿಗ್ಗೆ, ಎರಡನೇ ಸೀಟಿನ ಒಂದು ಸ್ಕ್ರೂ ಸಡಿಲವಾಗಿತ್ತು. ಬಿಗಿ ಮಾಡಲು ಹಲಗೆ ಎತ್ತಿದೆ. ಅಡಿಯಲ್ಲಿ ಪೆನ್ಸಿಲಿನ ಅಕ್ಷರ. ಹಲಗೆಯ ತೂಕ ಎಂದಿನಂತೆ ಎರಡು ಅಂಕಿ, ತಂದಾಗಿನದು, ಹೆರೆದ ಮೇಲಿನದು. ಅದರ ಪಕ್ಕದಲ್ಲಿ ಇನ್ನೊಂದು ಅಂಕಿ, ಯಾರದೆಂದು ಹೇಳಬೇಕಾಗಿಲ್ಲ. ಅದರ ಕೆಳಗೆ ಎರಡನೇ ಅಂಕಿ ಇರಲಿಲ್ಲ. ಅಲ್ಲಿ ಭಾವ ಸಣ್ಣದಾಗಿ ಬರೆದಿದ್ದರು: ‘ಇದರಲ್ಲಿ ಒಂದು ಗ್ರಾಂ ಕೂಡ ಕಡಿಮೆ ಮಾಡುವಂತಿಲ್ಲ.’

ಹಲಗೆ ಮುಚ್ಚಿ ಸ್ಕ್ರೂ ಬಿಗಿದೆ. ಅಕ್ಕ ಹತ್ತಿ ಕೂತು ಬೆಲ್ಟು ಹಾಕಿಕೊಂಡಳು. ಅವಳ ತೊಡೆಯ ಮೇಲೆ ಕೆಂಪು ಫ್ಲಾಸ್ಕಿತ್ತು. ಭಾವ ಪಕ್ಕದ ಸೀಟಿನಲ್ಲಿ ಕೂತು ಕೈಬೆರಳು ಮುಂದೆ ಚಾಚಿ ನೋಡಿಕೊಳ್ಳುತ್ತಿದ್ದರು. ಉಗುರು ಕತ್ತರಿಸಿಕೊಂಡಿದ್ದರು.