ನಾದಿನಿಯ ಸ್ಲೈಡ್

ಪ್ರಯೋಗಾಲಯದಲ್ಲಿ ಅವಳಿಗೆ ಬ್ಲೇಡಕ್ಕ ಎಂದೇ ಹೆಸರು. ಇಪ್ಪತ್ತೊಂಬತ್ತು ವರ್ಷದಿಂದ ಅವಳದು ಒಂದೇ ಕೆಲಸ. ಆಪರೇಷನ್ನಿನಲ್ಲಿ ತೆಗೆದ ಗಂಟಿನ ತುಣುಕನ್ನು ಮೇಣದಲ್ಲಿ ಹುದುಗಿಸುವುದು, ಆ ಮೇಣದ ಅಚ್ಚನ್ನು ಕೂದಲಿಗಿಂತ ತೆಳ್ಳಗೆ ಕತ್ತರಿಸುವುದು, ಬೆಚ್ಚಗಿನ ನೀರಿನ ಮೇಲೆ ತೇಲಿಬಿಟ್ಟು ಗಾಜಿನ ಸ್ಲೈಡಿಗೆ ಹತ್ತಿಸುವುದು. ಆ ಹೊತ್ತಿನಲ್ಲಿ ಯಾರಾದರೂ ಫ್ಯಾನ್ ಹಾಕಿದರೆ ಅವರ ಕಥೆ ಮುಗಿದಂತೆ. ಸೀನು ಬಂದರೆ ಹೊರಗೆ ಹೋಗಿ ಸೀನಿ ಬರಬೇಕು, ಡಾಕ್ಟರಾದರೂ ಅಷ್ಟೇ. ಈ ಕೆಲಸದಲ್ಲಿ ಅವಳದು ಎತ್ತಿದ ಕೈ. ಅದು ಅವಳಿಗೂ ಚೆನ್ನಾಗಿ ಗೊತ್ತಿತ್ತು, ಮುಚ್ಚಿಟ್ಟುಕೊಳ್ಳುವ ಸ್ವಭಾವವೂ ಅವಳದಲ್ಲ.

ಈಚೆಗೆ ಎರಡು ವರ್ಷದಿಂದ ಥೈರಾಯ್ಡ್ ಕ್ಯಾನ್ಸರಿನ ಗಂಟುಗಳಿಗೆ ಹೊಸದೊಂದು ಪರೀಕ್ಷೆ ಬಂದಿತ್ತು. ಗಂಟಿನ ಜೀವಕೋಶಗಳಲ್ಲಿ ಒಂದು ಬಗೆಯ ಪ್ರೊಟೀನ್ ಇದ್ದರೆ, ಆ ಜಾಗ ಸ್ಲೈಡಿನ ಮೇಲೆ ಕಂದು ಬಣ್ಣಕ್ಕೆ ತಿರುಗುತ್ತದೆ. ಕಂದು ಹೆಚ್ಚಿದ್ದರೆ ಕಾಯಿಲೆ ಮರಳುವ ಸಂಭವ ಹೆಚ್ಚು, ಮೊದಲ ಆಪರೇಷನ್ನಿನಲ್ಲಿ ಉಳಿಸಿದ ಅರ್ಧ ಗ್ರಂಥಿಯನ್ನೂ ತೆಗೆಸಿಕೊಳ್ಳಬೇಕು. ಕಂದು ಇಲ್ಲದಿದ್ದರೆ ಆರು ತಿಂಗಳಿಗೊಮ್ಮೆ ಬಂದು ಕುತ್ತಿಗೆ ತೋರಿಸಿ ಹೋದರೆ ಸಾಕು.

ಒಂದು ಮಂಗಳವಾರ ಅವಳ ನಾದಿನಿಯ ಸ್ಲೈಡ್ ಕಂದಾಗಿ ಬಂತು.

ನಾದಿನಿ ಎಂದರೆ ಗಂಡನ ಒಬ್ಬಳೇ ತಂಗಿ. ಊರಿನ ಅರ್ಧ ಹೆಂಗಸರಿಗೆ ಕಾರು ಓಡಿಸಲು ಕಲಿಸಿದವಳು. "ನನ್ನ ಕಾರಿಗೆ ಎರಡು ಬ್ರೇಕು. ಒಂದು ಕಾಲ ಕೆಳಗೆ, ಇನ್ನೊಂದು ಗಂಟಲಲ್ಲಿ" ಎಂದು ನಗುತ್ತಿದ್ದಳು. ಅರ್ಧ ಗ್ರಂಥಿ ಆಗಲೇ ಹೋಗಿತ್ತು. ಇನ್ನರ್ಧ ತೆಗೆಯುವಾಗ ಧ್ವನಿಯ ನರಕ್ಕೆ ಪೆಟ್ಟಾಗಬಹುದು ಎಂದು ಸರ್ಜನ್ ಮೊದಲೇ ಹೇಳಿದ್ದರು. ಆದರೂ ವರದಿ ನೋಡಿ, ಮುಂದಿನ ಸೋಮವಾರಕ್ಕೆ ಆಪರೇಷನ್ ಗೊತ್ತು ಮಾಡಿದರು.

ಬ್ಲೇಡಕ್ಕ ಸ್ಲೈಡನ್ನು ಸೂಕ್ಷ್ಮದರ್ಶಕಕ್ಕೆ ಇಟ್ಟು ಕಣ್ಣು ಕೀಲಿಸಿ ನೋಡಿದಳು. ಪ್ರೊಟೀನಿನ ಕಂದು ಜೀವಕೋಶದ ತುಂಬ ನಯವಾಗಿ ಹರಡಿರುತ್ತದೆ. ಇದು ಕಾಳುಕಾಳಾಗಿ, ಒಂದೇ ಸಾಲಿನಲ್ಲಿ ಬಿದ್ದಿತ್ತು.

"ಇದು ಪ್ರೊಟೀನ್ ಅಲ್ಲ ಡಾಕ್ಟ್ರೇ, ಹಳೇ ರಕ್ತ" ಎಂದಳು, ವರದಿ ಬರೆದ ಡಾಕ್ಟರಿಗೆ. "ಆಪರೇಷನ್‌ಗೆ ಮುಂಚೆ ಸೂಜಿ ಚುಚ್ಚಿ ನೋಡಿದ್ರಲ್ಲ, ಆಗ ಒಳಗೆ ಸೋರಿದ್ದು. ರಕ್ತದ ಕಬ್ಬಿಣ ಅಲ್ಲೇ ಉಳ್ಕೊಂಡ್ರೆ ಹೀಗೇ ಕಂದಾಗಿ ಕಾಣುತ್ತೆ."

ಡಾಕ್ಟರು ಚಿಕ್ಕ ವಯಸ್ಸಿನವರು, ಅವಳ ಮೇಲೆ ಗೌರವ ಇದ್ದವರು. ಮೆಲ್ಲಗೆ ಕೇಳಿದರು. "ಅಕ್ಕ, ಬೇಜಾರು ಮಾಡ್ಕೋಬೇಡಿ. ಬೇರೆಯವರ ಸ್ಲೈಡ್ ಆಗಿದ್ರೂ ಹೀಗೇ ಹೇಳ್ತಿದ್ರಾ?"

"ನನ್ನ ಮಾತು ನಂಬಲೇಬೇಡಿ. ಖಾಲಿ ಸ್ಲೈಡ್ ಮಾಡಿಸಿ."

ಖಾಲಿ ಸ್ಲೈಡ್ ಎಂದರೆ ಅದೇ ಗಂಟಿನ ಇನ್ನೊಂದು ಪದರ. ಅದಕ್ಕೆ ಎಲ್ಲ ದ್ರವವನ್ನೂ ಹಾಕುತ್ತಾರೆ, ಪ್ರೊಟೀನನ್ನು ಹುಡುಕುವ ದ್ರವವೊಂದನ್ನು ಬಿಟ್ಟು. ಆಗಲೂ ಕಂದು ಕಂಡರೆ ಅದು ಪ್ರೊಟೀನ್ ಅಲ್ಲ. ಮೊದಲು ಪ್ರತಿ ರೋಗಿಗೂ ಒಂದು ಮಾಡುತ್ತಿದ್ದರು. ಹೊಸ ಯಂತ್ರ ಬಂದಮೇಲೆ, ಒಂದು ಸಲ ಹಾಕುವ ಹನ್ನೆರಡು ಜನರಿಗೆಲ್ಲ ಸೇರಿ ಒಂದೇ ಸಾಕು, ಸಮಯ ಉಳಿಯುತ್ತದೆ ಎಂದು ತೀರ್ಮಾನವಾಯಿತು. ಆ ಸಭೆಯಲ್ಲಿ ಬ್ಲೇಡಕ್ಕನೂ ತಲೆಯಾಡಿಸಿದ್ದಳು.

ಈ ಸಲ ಅವಳು ಅಚ್ಚನ್ನು ಮುಟ್ಟಲಿಲ್ಲ. ಸಹೋದ್ಯೋಗಿಯ ಕೈಗೆ ಕೊಟ್ಟು ಪಕ್ಕದಲ್ಲಿ ಕುಳಿತಳು. ಅವನು ಕತ್ತರಿಸಿದ ಮೊದಲ ಪದರ ಸುಕ್ಕಾಯಿತು, ಎರಡನೆಯದು ಹರಿಯಿತು. ಅವಳು ತುಟಿಪಿಟಕ್ಕೆನ್ನಲಿಲ್ಲ. ಅವಳ ಜೀವಮಾನದಲ್ಲಿ ಅಷ್ಟು ಕಷ್ಟದ ಅರ್ಧ ಗಂಟೆ ಇನ್ನೊಂದಿರಲಿಕ್ಕಿಲ್ಲ. ಬುಧವಾರ ಮಧ್ಯಾಹ್ನ ಫಲಿತಾಂಶ ಬಂತು. ಖಾಲಿ ಸ್ಲೈಡಿನಲ್ಲೂ ಅದೇ ಕಂದು, ಅದೇ ಸಾಲು. ಪ್ರೊಟೀನ್ ಇದ್ದರೆ ಕಂದಿನ ಬದಲು ಕೆಂಪಾಗುವಂತೆ ಮಾಡಿದ ಇನ್ನೊಂದು ಸ್ಲೈಡಿನಲ್ಲಿ ಹುಡುಕಿದರೂ ಕೆಂಪಿಲ್ಲ. ಡಾಕ್ಟರು ಮೂರು ಸಲ ನೋಡಿದರು. ಆಮೇಲೆ ಸರ್ಜನ್‌ಗೆ ಫೋನ್ ಮಾಡಿ ಸೋಮವಾರದ ಆಪರೇಷನ್ ರದ್ದು ಮಾಡಿಸಿದರು.

ಸಂಜೆ ಮನೆಯಲ್ಲಿ ನಾದಿನಿ ಸುದ್ದಿ ಕೇಳಿ ನಕ್ಕಳು, ನಗುತ್ತಲೇ ಅತ್ತಳು. "ನಾನು ನಿಮ್ಮ ನಾದಿನಿ ಆಗಿದ್ದೇ ಒಳ್ಳೇದಾಯ್ತು ಅತ್ತಿಗೆ. ಇಲ್ದಿದ್ರೆ ಇದನ್ನ ಯಾರು ನೋಡ್ತಿದ್ರು?"

ಯಾರೂ ನೋಡುತ್ತಿರಲಿಲ್ಲ. ಬ್ಲೇಡಕ್ಕನಿಗೆ ಮುಖಕ್ಕೆ ಹೊಡೆದಂತಾಯಿತು. ನಾಚಿಕೆಯಾಗಿ ಊಟ ಅರ್ಧಕ್ಕೇ ಬಿಟ್ಟು ಎದ್ದಳು.

ಗುರುವಾರ ಬೆಳಗ್ಗೆ ಡಾಕ್ಟರು ಬರುವಷ್ಟರಲ್ಲಿ ಅವಳ ಮೇಜಿನ ಮೇಲೆ ಮೇಣದ ಅಚ್ಚುಗಳ ಪೆಟ್ಟಿಗೆಗಳಿದ್ದವು.

"ಇದೇನಕ್ಕ?"

"ಹೊಸ ಯಂತ್ರ ಬಂದಮೇಲೆ ಕಂದು ಅಂತ ವರದಿ ಹೋದವರದ್ದು. ನಲವತ್ತಮೂರು ಜನ. ಇವರು ಯಾರಿಗೂ ಅತ್ತಿಗೆ ಇರ್ಲಿಲ್ಲ ಇಲ್ಲಿ. ಎಲ್ಲರಿಗೂ ಖಾಲಿ ಸ್ಲೈಡ್ ಮಾಡ್ತೀನಿ. ಇನ್ಮೇಲೆ ಬರೋ ಪ್ರತಿಯೊಬ್ಬರಿಗೂ ಮಾಡ್ತೀನಿ. ಯಂತ್ರಕ್ಕೆ ಅರ್ಜೆಂಟ್ ಇದ್ರೆ ಅದು ಕಾಯ್ಲಿ."

ಒಂಬತ್ತು ದಿನ ಹಿಡಿಯಿತು. ನಲವತ್ತೆರಡು ಜನರ ವರದಿ ಸರಿಯಾಗಿಯೇ ಇತ್ತು. ಒಬ್ಬರದು ಮಾತ್ರ ಬರೀ ಹಳೆಯ ರಕ್ತ. ಅವರಿಗೆ ಎಂಟು ತಿಂಗಳ ಹಿಂದೆಯೇ ಎರಡನೆಯ ಆಪರೇಷನ್ ಆಗಿಹೋಗಿತ್ತು.

ಡಾಕ್ಟರ ಮುಖ ಬಿಳಿಚಿತು. "ಪತ್ರ ಬರೆದು ತಿಳಿಸ್ತೀನಿ" ಎಂದರು.

"ಪತ್ರ ಬೇಡ. ಕರೆಸಿ. ಎದುರಿಗೆ ಕೂತು ಹೇಳೋಣ, ನಾನೂ ಇರ್ತೀನಿ."

ಅವರು ಮಗಳ ಜೊತೆ ಬಂದರು. ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಮೇಷ್ಟ್ರು, ಆಪರೇಷನ್ ಆದಮೇಲೆ ಅದೇ ಶಾಲೆಯ ಗ್ರಂಥಾಲಯದಲ್ಲಿ ಕೂರುತ್ತಿದ್ದರು. ಬ್ಲೇಡಕ್ಕ ಒಂದನ್ನೂ ಬಿಡದೆ ಹೇಳಿದಳು. ಸೂಜಿ, ರಕ್ತ, ಮಾಡದೆ ಬಿಟ್ಟ ಖಾಲಿ ಸ್ಲೈಡ್, ಸಭೆಯಲ್ಲಿ ತಾನು ತಲೆಯಾಡಿಸಿದ್ದು, ಕೊನೆಗೆ ನಾದಿನಿಯ ವಿಷಯ. ಮಗಳು ಮುಷ್ಟಿ ಬಿಗಿಹಿಡಿದು ಕುಳಿತಿದ್ದಳು.

ಮೇಷ್ಟ್ರು ಬ್ಲೇಡಕ್ಕನ ಕಡೆ ತಿರುಗಿದರು. ಏನೋ ಕೇಳಿದರು. ಕೇಳಿಸಲಿಲ್ಲ. ಬ್ಲೇಡಕ್ಕ ಕುರ್ಚಿ ಎಳೆದುಕೊಂಡು ಅವರ ಬಾಯಿಯ ಹತ್ತಿರ ಕಿವಿ ತಂದಳು.

"ನಿಮ್ಮ ನಾದಿನಿಗೆ ಧ್ವನಿ ಉಳೀತಾ?" ಎಂದು ಅವರು ಕೇಳುತ್ತಿದ್ದರು.